ಎಲ್ಲರ ಕೆರೆಗೆ ಕಾವಲು ಯಾರು?

ನಿಮ್ಮ ಮನೆಗೆ ಹತ್ತಿರವಿರುವ ಕೆರೆ ಯಾರದು? ಈ ಪ್ರಶ್ನೆಯನ್ನು ಹತ್ತು ಜನರಿಗೆ ಕೇಳಿ ನೋಡಿ. ಒಬ್ಬರು ಸರ್ಕಾರದ್ದು ಎನ್ನುತ್ತಾರೆ. ಇನ್ನೊಬ್ಬರು ಪಂಚಾಯಿತಿಯದು ಅಥವಾ ಪಾಲಿಕೆಯದು ಎನ್ನುತ್ತಾರೆ. ಮತ್ತೊಬ್ಬರು ಸ್ವಲ್ಪ ಯೋಚಿಸಿ, ಎಲ್ಲರದು ಎನ್ನುತ್ತಾರೆ. ಈ ಕೊನೆಯ ಉತ್ತರವೇ ಸರಿಯಾದದ್ದು. ಆದರೆ ಕೆರೆಯ ಸಂಕಟವೂ ಅದರಲ್ಲೇ ಅಡಗಿದೆ. ಎಲ್ಲರಿಗೂ ಸೇರಿದ್ದನ್ನು ಕಾಯುವ ಕೆಲಸ ಯಾರದು ಎಂದು ಕೇಳಿದರೆ ಉತ್ತರ ಬರುವುದಿಲ್ಲ.

ಈಚಿನ ವರ್ಷಗಳಲ್ಲಿ ಬೆಂಗಳೂರಿನ ಕೆಲವು ಕೆರೆಗಳ ಬಳಿ ಸಾಮಾನ್ಯ ಜನರು, ಅಂದರೆ ಗೃಹಿಣಿಯರು, ನಿವೃತ್ತರು, ಕಚೇರಿಗೆ ಹೋಗುವ ಯುವಕರು, ಶಾಲಾ ಮಕ್ಕಳು, ಈ ಪ್ರಶ್ನೆಗೆ ತಮ್ಮ ಕೈಯಾರೆ ಉತ್ತರ ಕೊಟ್ಟಿದ್ದಾರೆ. ಅವರ ಕೆಲಸದಿಂದ ನಾವು ಕಲಿಯಬೇಕಾದ ಪಾಠವನ್ನು ಈ ವಾರ ನಿಮ್ಮೊಂದಿಗೆ ಕೂಡಿ ಅಭ್ಯಾಸ ಮಾಡೋಣ.

ಕೆರೆ ಎಂದರೆ ಬರೀ ನೀರಲ್ಲ

ಮೊದಲು ಕೆರೆ ಎಂದರೇನು ಎಂಬುದನ್ನು ಸರಿಯಾಗಿ ತಿಳಿಯೋಣ. ನಮ್ಮಲ್ಲಿ ಅನೇಕರು ಕೆರೆಯನ್ನು ನೀರು ತುಂಬಿದ ದೊಡ್ಡ ತೊಟ್ಟಿ ಎಂದು ಭಾವಿಸುತ್ತಾರೆ. ಕೆರೆ ತೊಟ್ಟಿಯಲ್ಲ. ಮಳೆನೀರು ಹರಿದು ಬರುವ ಮೇಲಿನ ಜಮೀನು, ಆ ನೀರನ್ನು ತರುವ ಕಾಲುವೆ, ನೀರನ್ನು ತಡೆಯುವ ಏರಿ, ಹೆಚ್ಚಾದದ್ದನ್ನು ಹೊರಬಿಡುವ ಕೋಡಿ, ಗದ್ದೆಗೆ ಬಿಡುವ ತೂಬು, ಬೇಸಿಗೆಯಲ್ಲಿ ಒಣಗಿ ಹುಲ್ಲು ಬೆಳೆಯುವ ಅಂಗಳ, ಅಂಚಿನ ಜೌಗು, ಜೊಂಡು, ಇವೆಲ್ಲ ಸೇರಿದರೆ ಮಾತ್ರ ಕೆರೆ. ಇವುಗಳಲ್ಲಿ ಒಂದು ಕಡಿದುಹೋದರೂ ಉಳಿದವು ನಿಧಾನವಾಗಿ ಸಾಯುತ್ತವೆ.

ಅಂಚಿನ ಜೌಗನ್ನು ನಾವು ಕೊಳಕು ಎಂದು ಕರೆಯುತ್ತೇವೆ. ವಾಸ್ತವದಲ್ಲಿ ಅದು ಕೆರೆಯ ಮೂತ್ರಪಿಂಡವಿದ್ದಂತೆ. ಹರಿದು ಬರುವ ನೀರು ಅಲ್ಲಿ ವೇಗ ಕಳೆದುಕೊಳ್ಳುತ್ತದೆ, ಮಣ್ಣು ಕೆಳಗಿಳಿಯುತ್ತದೆ. ಜೊಂಡಿನ ಬೇರುಗಳೂ ಅವುಗಳಿಗೆ ಅಂಟಿಕೊಂಡಿರುವ ಸೂಕ್ಷ್ಮಜೀವಿಗಳೂ ನೀರಿನಲ್ಲಿರುವ ಸಾರಜನಕ, ರಂಜಕಗಳನ್ನು ಹೀರಿಕೊಳ್ಳುತ್ತವೆ. ಬೆಳ್ಳಕ್ಕಿ, ದೇವನಕ್ಕಿ, ಜಂಬುಕೋಳಿಗಳು ಮೇಯುವುದು ಆಳದ ನೀರಿನಲ್ಲಲ್ಲ, ಮೊಣಕಾಲುದ್ದದ ಈ ಅಂಚಿನಲ್ಲಿಯೇ. ಅಂಗಳದಿಂದ ಇಂಗುವ ನೀರು ಸುತ್ತಲಿನ ಬಾವಿಗಳಿಗೆ ಬಲ ಕೊಡುತ್ತದೆ.

ಇಂಥ ಜೌಗು ಪ್ರದೇಶಗಳನ್ನು ಉಳಿಸುವ ಸಲುವಾಗಿ 1971ರ ಫೆಬ್ರವರಿ 2ರಂದು ಇರಾನಿನ ರಾಮ್ಸಾರ್ ಎಂಬ ಊರಿನಲ್ಲಿ ಹಲವು ರಾಷ್ಟ್ರಗಳು ಒಂದು ಒಪ್ಪಂದ ಮಾಡಿಕೊಂಡವು. ಭಾರತ 1982ರಲ್ಲಿ ಅದಕ್ಕೆ ಸೇರಿತು. ಕರ್ನಾಟಕದ ರಂಗನತಿಟ್ಟು 2022ರಲ್ಲಿಯೂ, ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ ಮತ್ತು ಉತ್ತರ ಕನ್ನಡದ ಅಘನಾಶಿನಿ ಅಳಿವೆ 2024ರಲ್ಲಿಯೂ ಆ ಪಟ್ಟಿಗೆ ಸೇರಿದವು. ಇವುಗಳಲ್ಲಿ ಮಾಗಡಿ ಕೆರೆ, ಅಂಕಸಮುದ್ರಗಳು ಮನುಷ್ಯರೇ ಕಟ್ಟಿದ ಕೆರೆಗಳು ಎಂಬುದನ್ನು ಗಮನಿಸಿ. ಮನುಷ್ಯ ತನ್ನ ಹೊಲಕ್ಕಾಗಿ ಏರಿ ಕಟ್ಟಿದ. ಹಿಮಾಲಯದಾಚೆಯಿಂದ ಬರುವ ಪಟ್ಟೆತಲೆಯ ಹೆಬ್ಬಾತುಗಳಿಗೆ ಮಾಗಡಿ ಕೆರೆ ಚಳಿಗಾಲದ ಮನೆಯಾಯಿತು. ಮನುಷ್ಯನ ಕೈ ಪ್ರಕೃತಿಯನ್ನು ಕೆಡಿಸಲೇಬೇಕೆಂಬ ನಿಯಮವಿಲ್ಲ.

ಕಾಯುವವನಿದ್ದ ಕಾಲ

ನಮ್ಮ ನಾಡಿನ ಹಿರಿಯರು ಕೆರೆ ಕಟ್ಟಿ ಕೈತೊಳೆದುಕೊಳ್ಳಲಿಲ್ಲ. ಕಟ್ಟಿದ್ದು ಉಳಿಯಬೇಕಾದರೆ ಕಾಯುವವನೊಬ್ಬ ಬೇಕು, ಅವನಿಗೆ ಅನ್ನದ ದಾರಿ ಬೇಕು ಎಂಬುದು ಅವರಿಗೆ ಗೊತ್ತಿತ್ತು. ಕನ್ನಡ ಶಾಸನಗಳಲ್ಲಿ ಬರುವ 'ಬಿತ್ತುವಟ್ಟ', 'ಕೆರೆಗೊಡಗೆ' ಎಂಬ ಮಾತುಗಳು ಇದಕ್ಕೆ ಸಾಕ್ಷಿ. ಕೆರೆಯನ್ನು ಸುಸ್ಥಿತಿಯಲ್ಲಿಡುವುದಕ್ಕೆಂದೇ ಭೂಮಿಯನ್ನೋ ಬೆಳೆಯ ಪಾಲನ್ನೋ ಮೀಸಲಿಡುತ್ತಿದ್ದರು. ಊರಿಗೊಬ್ಬ ನೀರುಗಂಟಿ ಇರುತ್ತಿದ್ದ. ತೂಬು ಎತ್ತುವವನು ಅವನೇ, ಇಳಿಸುವವನು ಅವನೇ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದನ್ನು ನಿರ್ಧರಿಸಿ ಬಿಡುವವನೂ ಅವನೇ. ಏರಿಯಲ್ಲಿ ಬಿಲ ಬಿದ್ದರೆ, ಮಳೆಗಾಲದ ರಾತ್ರಿ ಕೋಡಿ ಕಟ್ಟಿಕೊಂಡರೆ ಮೊದಲು ತಿಳಿಯುತ್ತಿದ್ದುದು ಅವನಿಗೆ. ಬೇಸಿಗೆಯಲ್ಲಿ ರೈತರು ಗಾಡಿ ಕಟ್ಟಿಕೊಂಡು ಹೋಗಿ ಹೂಳು ತೆಗೆದು ತಮ್ಮ ಹೊಲಗಳಿಗೆ ಹಾಕುತ್ತಿದ್ದರು. ಕೆರೆಗೆ ಆಳ, ಹೊಲಕ್ಕೆ ಗೊಬ್ಬರ.

ಆ ವ್ಯವಸ್ಥೆಯಲ್ಲಿ ಎಲ್ಲವೂ ನ್ಯಾಯವಾಗಿತ್ತು ಎಂದು ಹೇಳಬಾರದು. ನೀರುಗಂಟಿಯಾಗಿ ದುಡಿಯುತ್ತಿದ್ದವರು ಅನೇಕ ಊರುಗಳಲ್ಲಿ ಕೆಳಜಾತಿಯವರು ಎನಿಸಿಕೊಂಡವರು. ನೀರು ಹಂಚುವ ಕೈಗೆ ಊರ ಬಾವಿಯ ನೀರು ಸಿಗದಿದ್ದ ಕಾಲವದು. ಆದರೂ ಒಂದು ಮಾತು ನಿಜ: ಎಲ್ಲರ ಕೆರೆಗೆ ಹೆಸರು ಹಿಡಿದು ಕರೆಯಬಹುದಾದ ಒಬ್ಬ ಕಾವಲುಗಾರನಿದ್ದ.

ನಲ್ಲಿ ಬಂತು, ಕೆರೆ ಅನಾಥವಾಯಿತು

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲಿದೆ. ಪಕ್ಕದಲ್ಲಿ ತುಂಬಿ ಹರಿಯುವ ದೊಡ್ಡ ನದಿಯಿಲ್ಲ. ಆದುದರಿಂದಲೇ ಇಲ್ಲಿ ಇಳಿಜಾರಿನ ಉದ್ದಕ್ಕೂ ಒಂದರ ಕೆಳಗೊಂದು ಕೆರೆಗಳನ್ನು ಕಟ್ಟಿದರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ರಾಜಕಾಲುವೆಯ ಮೂಲಕ ಕೆಳಗಿನ ಕೆರೆಗೆ ನೀರು. ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ, ವೃಷಭಾವತಿ ಎಂಬ ಮೂರು ಕಣಿವೆಗಳಲ್ಲಿ ಈ ಕೆರೆಗಳ ಸರಪಳಿ ಹರಡಿತ್ತು.

1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆಯ ನೀರು ಬಂತು. 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯದ ನೀರು, 1974ರಲ್ಲಿ ಕಾವೇರಿಯ ನೀರು ಬಂತು. ನಲ್ಲಿ ತಿರುಗಿಸಿದರೆ ನೀರು ಬರುವಾಗ ಕೆರೆಯ ಕಡೆಗೆ ನೋಡುವವರು ಕಡಿಮೆಯಾದರು. ಗದ್ದೆಗಳು ಬಡಾವಣೆಗಳಾದವು, ಅಚ್ಚುಕಟ್ಟು ಇಲ್ಲದ ಮೇಲೆ ತೂಬಿಗೇನು ಕೆಲಸ? ನೀರುಗಂಟಿ ಹೋದ. ಕಾವಲಿಲ್ಲದ ಆಸ್ತಿ ಎಷ್ಟು ದಿನ ಉಳಿದೀತು? ಧರ್ಮಾಂಬುಧಿ ಕೆರೆ ಇದ್ದ ಜಾಗದಲ್ಲಿ ಇಂದು ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಉಳಿದ ಕೆರೆಗಳಿಗೆ ಮಳೆನೀರಿನ ಬದಲು ನಮ್ಮ ಬಚ್ಚಲಿನ, ಶೌಚದ ನೀರು ಹರಿಯತೊಡಗಿತು.

ಕೊಳಚೆ ಸೇರಿದ ಕೆರೆಯಲ್ಲಿ ನಡೆಯುವುದನ್ನು ವಿವರಿಸುವುದು ಕಷ್ಟವಲ್ಲ. ಕೊಳಚೆಯಲ್ಲಿರುವ ಸಾರಜನಕ, ರಂಜಕಗಳು ಪಾಚಿಗೂ ಅಂತರಗಂಗೆಯಂಥ ಕಳೆಗೂ ಗೊಬ್ಬರ. ಕಳೆ ಹಬ್ಬಿ ನೀರಿಗೆ ಬಿಸಿಲು ಬೀಳದಂತೆ ಮುಚ್ಚುತ್ತದೆ. ರಾತ್ರಿ ಹೊತ್ತಿನಲ್ಲಿ ಪಾಚಿಯೂ, ಕೊಳೆಯನ್ನು ತಿನ್ನುವ ಸೂಕ್ಷ್ಮಜೀವಿಗಳೂ ನೀರಿನಲ್ಲಿರುವ ಆಮ್ಲಜನಕವನ್ನು ಬಳಸಿ ಮುಗಿಸುತ್ತವೆ. ಬೆಳಗಾಗುವಷ್ಟರಲ್ಲಿ ಮೀನುಗಳು ಉಸಿರುಗಟ್ಟಿ ತೇಲುತ್ತವೆ. 2016ರ ಮಾರ್ಚ್ ತಿಂಗಳಲ್ಲಿ ಹಲಸೂರು ಕೆರೆಯಲ್ಲಿ ಸತ್ತ ಮೀನುಗಳ ರಾಶಿಯನ್ನು ನಗರವೇ ನೋಡಿತು. ಬೆಳ್ಳಂದೂರು ಕೆರೆಯ ನೊರೆ 2015ರಲ್ಲಿ ರಸ್ತೆಗೆ ಹಾರಿತು. 2017ರಲ್ಲಿ, ಮತ್ತೆ 2018ರಲ್ಲಿ ಆ ಕೆರೆಗೆ ಬೆಂಕಿ ಹತ್ತಿಕೊಂಡಿತು. ನೀರಿಗೆ ಬೆಂಕಿ! ಆ ನೊರೆಯಲ್ಲಿ ನಮ್ಮ ನಮ್ಮ ಮನೆಯ ಸೋಪಿನಪುಡಿಯ ಪಾಲೂ ಇತ್ತೆಂಬುದನ್ನು ಮರೆಯಬಾರದು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಟ್ಯಾಂಕರಿನ ಹಿಂದೆ ಜನ ಬಿಂದಿಗೆ ಹಿಡಿದು ನಿಂತಾಗ ಕೆರೆಯ ನೆನಪು ಅನೇಕರಿಗೆ ಮತ್ತೆ ಬಂತು.

ಇಬ್ಬರು ತತ್ವಜ್ಞಾನಿಗಳು ಹೇಳುವುದೇನು?

ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲನು ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲೇ ಈ ರೋಗವನ್ನು ಗುರುತಿಸಿದ್ದ. ಅತಿ ಹೆಚ್ಚು ಜನರಿಗೆ ಸೇರಿದ ವಸ್ತುವಿಗೆ ಅತಿ ಕಡಿಮೆ ಆರೈಕೆ ಸಿಗುತ್ತದೆ ಎಂಬುದು ಅವನ ವಾದದ ಸಾರಾಂಶ. ಪ್ರತಿಯೊಬ್ಬನೂ ಇನ್ನೊಬ್ಬ ನೋಡಿಕೊಳ್ಳುತ್ತಾನೆ ಎಂದುಕೊಳ್ಳುತ್ತಾನೆ. ಮನೆಯಲ್ಲಿ ಆಳುಗಳು ಹೆಚ್ಚಾದಷ್ಟೂ ಕೆಲಸ ಕೆಡುವುದುಂಟು ಎಂಬ ಉದಾಹರಣೆಯನ್ನೂ ಅವನು ಕೊಡುತ್ತಾನೆ. ಮದುವೆಮನೆಯಲ್ಲಿ ಹತ್ತು ಜನ ನೆಂಟರಿದ್ದೂ ಒಲೆಯ ಮೇಲಿನ ಹಾಲು ಉಕ್ಕಿಹೋಗುವುದನ್ನು ನೀವು ಕಂಡಿದ್ದೀರಲ್ಲವೇ? ಅದೇ ಇದು.

ಹಾಗಾದರೆ ಎಲ್ಲವನ್ನೂ ಒಬ್ಬೊಬ್ಬರಿಗೆ ಹಂಚಿಬಿಡುವುದೇ ಪರಿಹಾರವೇ? ಕೆರೆಯನ್ನು ಹಂಚಿದರೆ ನಿವೇಶನ ಉಳಿದೀತು, ಕೆರೆ ಉಳಿಯದು. ಹದಿಮೂರನೆಯ ಶತಮಾನದ ಸಂತ ತೋಮಸ್ ಅಕ್ವಿನಾಸರು ಇಲ್ಲಿ ಒಂದು ಉಪಯುಕ್ತ ವಿಂಗಡಣೆ ಮಾಡುತ್ತಾರೆ. ವಸ್ತುಗಳನ್ನು ನೋಡಿಕೊಳ್ಳುವ, ನಿರ್ವಹಿಸುವ ಹೊಣೆ ನಿರ್ದಿಷ್ಟ ವ್ಯಕ್ತಿಗಳಿಗೆ ಇರುವುದು ಸರಿ. ಆಗ ಆರೈಕೆ ಚೆನ್ನಾಗಿರುತ್ತದೆ, ಗೊಂದಲ ತಪ್ಪುತ್ತದೆ. ಆದರೆ ಬಳಕೆಯ ವಿಷಯಕ್ಕೆ ಬಂದಾಗ ಅವನ್ನು ತನ್ನವೆಂದು ಬಿಗಿಹಿಡಿಯದೆ, ಅಗತ್ಯವುಳ್ಳವರೊಡನೆ ಹಂಚಿಕೊಳ್ಳಲು ಸಿದ್ಧನಾಗಿ ಎಲ್ಲರವು ಎಂಬಂತೆ ಕಾಣಬೇಕು. ತೋಮಸರು ಇದನ್ನು ಬರೆದದ್ದು ಖಾಸಗಿ ಆಸ್ತಿಯ ಬಗ್ಗೆ. ಕೆರೆಗೆ ಇದನ್ನು ಅನ್ವಯಿಸಿದರೆ ಸಿಗುವ ಸೂತ್ರ ಇಷ್ಟು: ಹೊಣೆ ಕೆಲವರದಾಗಿರಲಿ, ಬಳಕೆ ಎಲ್ಲರದಾಗಿರಲಿ. ನೀರುಗಂಟಿಯ ಕೆಲಸದ ತಿರುಳೂ ಇದೇ. ಕೆರೆ ಅವನದಲ್ಲ, ಆದರೆ ಕೆರೆಯ ಚಿಂತೆ ಅವನದು.

ಇಂದಿನ ಸ್ವಯಂಸೇವಕರು ಮಾಡುತ್ತಿರುವುದು ಹೊಸ ಕೆಲಸವಲ್ಲ. ಖಾಲಿ ಬಿದ್ದಿರುವ ನೀರುಗಂಟಿಯ ಜಾಗವನ್ನು ಅವರು ತುಂಬುತ್ತಿದ್ದಾರೆ.

ಮೂರು ಕೆರೆಗಳ ಪಾಠ

ಬೆಂಗಳೂರಿನ ಜೆ.ಪಿ. ನಗರ ಏಳನೆಯ ಹಂತದಲ್ಲಿ ಪುಟ್ಟೇನಹಳ್ಳಿ ಕೆರೆ ಇದೆ. ವಿಸ್ತಾರ ಸುಮಾರು 13 ಎಕರೆ. ನೆರೆಹೊರೆಯ ನಿವಾಸಿಗಳು 2010ರಲ್ಲಿ ಒಂದು ಟ್ರಸ್ಟ್ ಮಾಡಿಕೊಂಡು, 2011ರಲ್ಲಿ ಆಗಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯೊಡನೆ ಕೆರೆಯ ನಿರ್ವಹಣೆಗಾಗಿ ಒಪ್ಪಂದ ಮಾಡಿಕೊಂಡರು. ಹೂಳು ತೆಗೆದದ್ದಾಯಿತು, ಏರಿ ಸರಿಯಾಯಿತು. ಆದರೆ ಕೆರೆಗೆ ನೀರು ತರುತ್ತಿದ್ದ ದಾರಿಗಳು ಕಟ್ಟಡಗಳ ನಡುವೆ ಕಡಿದುಹೋಗಿದ್ದವು. ಮಳೆ ಬಂದರೂ ಕೆರೆ ತುಂಬದು. ಇಲ್ಲಿ ಕೈಚೆಲ್ಲಿ ಕೂರುವುದು ಸುಲಭವಿತ್ತು. ಅವರು ಒಳಹರಿವುಗಳನ್ನು ಒಂದೊಂದಾಗಿ ಹುಡುಕಿ ಬಿಡಿಸಲು ಹೊರಟರು; ಪಕ್ಕದ ದೊಡ್ಡ ವಸತಿ ಸಮುಚ್ಚಯದಲ್ಲಿ ಶುದ್ಧೀಕರಿಸಿದ ನೀರನ್ನು ಕೆರೆಗೆ ಹರಿಸುವ ವ್ಯವಸ್ಥೆಯಾಯಿತು. ಇಲ್ಲಿನ ಪಾಠ: ಕೆರೆಯ ಸಮಸ್ಯೆ ಹೆಚ್ಚಾಗಿ ಕೆರೆಯೊಳಗಿಲ್ಲ, ಅದಕ್ಕೆ ನೀರು ಬರುವ ದಾರಿಯಲ್ಲಿದೆ.

ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆ ಸುಮಾರು 48 ಎಕರೆಯದು. ಕಸ, ಕೊಳಚೆಗಳಿಂದ ಬಡವಾಗಿದ್ದ ಈ ಕೆರೆಯನ್ನು ಉಳಿಸಲು ಸುತ್ತಲಿನ ಹೊಸ ಬಡಾವಣೆಗಳ ನಿವಾಸಿಗಳೂ ಹಳೆಯ ಹಳ್ಳಿಯ ಜನರೂ ಪಾಲಿಕೆಯ ಎಂಜಿನಿಯರರೂ ಒಟ್ಟಿಗೆ ಕುಳಿತು ಯೋಜನೆ ಮಾಡಿದರು. 2011ರ ಹೊತ್ತಿಗೆ ಕೆರೆ ಮತ್ತೆ ಜೀವ ಪಡೆಯಿತು. ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಅವರು ಈ ಕೆರೆಯ ಪುನರುಜ್ಜೀವನದ ಬಗ್ಗೆ ಬರೆದಿದ್ದಾರೆ. ದನಕರುಗಳಿಗೆ ಹುಲ್ಲು ಕೊಯ್ಯುವವರನ್ನು, ಮೀನು ಹಿಡಿಯುವವರನ್ನು ಹೊರಗಿಡದೆ ಯೋಜನೆಯೊಳಗೆ ಸೇರಿಸಿಕೊಂಡದ್ದು ಇಲ್ಲಿನ ವಿಶೇಷ. ಪಾಠ: ಹಳಬರ ಜ್ಞಾನವೂ ಹೊಸಬರ ಉತ್ಸಾಹವೂ ಕೂಡಬೇಕು.

ನಗರದ ಉತ್ತರಕ್ಕೆ ಸುಮಾರು 160 ಎಕರೆಯ ಜಕ್ಕೂರು ಕೆರೆ ಇದೆ. ಇಲ್ಲಿ ಕೆರೆಯ ಮೇಲ್ಭಾಗದಲ್ಲಿ, ಆರಂಭದಲ್ಲಿ ದಿನಕ್ಕೆ 1 ಕೋಟಿ ಲೀಟರ್ ಸಾಮರ್ಥ್ಯವಿದ್ದ ಕೊಳಚೆ ಶುದ್ಧೀಕರಣ ಘಟಕವಿದೆ. ಅಲ್ಲಿಂದ ಹೊರಬರುವ ನೀರು ನೇರವಾಗಿ ಕೆರೆಗೆ ಬೀಳದೆ, ಜೊಂಡು ಬೆಳೆದ ಜೌಗಿನ ಮೂಲಕ ಹಾದು ಇನ್ನಷ್ಟು ತಿಳಿಯಾಗಿ ಕೆರೆ ಸೇರುವಂತೆ ಮಾಡಿದ್ದಾರೆ. ಮೀನುಗಾರರಿಗೆ ಮೀನು, ಹಕ್ಕಿಗಳಿಗೆ ನೆಲೆ, ಸುತ್ತಲಿನ ಬಾವಿಗಳಿಗೆ ಇಂಗುವ ನೀರು. ಇಲ್ಲಿಯೂ ಸ್ವಯಂಸೇವಕರ ಗುಂಪೊಂದು ಕಣ್ಣಿಟ್ಟು ಕಾದಿದೆ. ಪಾಠ: ಜೌಗನ್ನು ಅಳಿಸಬೇಡಿ, ಅದನ್ನು ದುಡಿಸಿಕೊಳ್ಳಿ.

ಈ ಮೂರು ಕಡೆಯೂ ಎಲ್ಲ ತೊಂದರೆ ಮುಗಿದಿದೆ ಎಂದು ತಿಳಿಯಬೇಡಿ. ಮೇಲಿನಿಂದ ಕೊಳಚೆಯ ಪೈಪು ಒಡೆದರೆ ಒಂದು ರಾತ್ರಿಯಲ್ಲಿ ವರ್ಷಗಳ ಶ್ರಮ ಹಾಳಾಗಬಹುದು. ಒಪ್ಪಂದಗಳ ಅವಧಿ ಮುಗಿಯುತ್ತದೆ. ಅಧಿಕಾರಿಗಳಿಗೆ ವರ್ಗವಾಗುತ್ತದೆ. 2025ರಲ್ಲಿ ಆ ಪಾಲಿಕೆಯೇ ಐದು ನಗರಪಾಲಿಕೆಗಳಾಗಿ ಒಡೆಯಿತು. ಕಚೇರಿಗಳು ಬದಲಾದಾಗಲೂ ಬದಲಾಗದೆ ಏರಿಯ ಮೇಲೆ ನಡೆಯುವ ಒಂದಿಷ್ಟು ಜನ ಇದ್ದರೆ ಮಾತ್ರ ಕೆರೆಯ ನೆನಪು ಉಳಿಯುತ್ತದೆ. ಕೆರೆ ಶುಚಿ ಮಾಡುವುದು ಒಂದು ಭಾನುವಾರದ ಕೆಲಸ. ಕೆರೆ ಕಾಯುವುದು ಪ್ರತಿ ದಿನದ ಕೆಲಸ. ಕೈಗವಸು ತೊಟ್ಟು ಫೋಟೋ ತೆಗೆಸಿಕೊಂಡು ಹೋದವರನ್ನು ಕೆರೆ ಬೇಗ ಮರೆಯುತ್ತದೆ.

ಬೇಲಿಯ ಪ್ರಶ್ನೆ

ಒಳ್ಳೆಯ ಕೆಲಸಕ್ಕೂ ಅದರದೇ ಆದ ಪ್ರಲೋಭನೆಗಳಿವೆ. ಕೆರೆ ಉಳಿಸುವವರಿಗೆ ಎದುರಾಗುವ ಎರಡು ಪ್ರಲೋಭನೆಗಳನ್ನು ಹೇಳುತ್ತೇನೆ.

ಮೊದಲನೆಯದು, ಅಲಂಕಾರ. ಹೂಳೆತ್ತುವ ಹೆಸರಿನಲ್ಲಿ ಕೆರೆಯನ್ನು ಅಂಚಿನಿಂದ ಅಂಚಿಗೆ ಒಂದೇ ಆಳಕ್ಕೆ ಅಗೆದು, ಸುತ್ತ ಕಲ್ಲು ಕಟ್ಟಿ, ಬಟ್ಟಲಿನಂತೆ ಮಾಡಿಬಿಡುತ್ತಾರೆ. ನೋಡಲು ಅಚ್ಚುಕಟ್ಟು. ಆದರೆ ಕಡಿದಾದ ಕಲ್ಲಿನ ಅಂಚಿನಲ್ಲಿ ಕಾಲೂರುವುದಕ್ಕೆ ಬೆಳ್ಳಕ್ಕಿಗೆ ಜಾಗವಿಲ್ಲ, ಜೊಂಡಿಗೆ ಬೇರಿಲ್ಲ, ಮೀನಿನ ಮರಿಗೆ ಅಡಗುತಾಣವಿಲ್ಲ. ಕಾರಂಜಿ, ಬಣ್ಣದ ದೀಪ, ದೋಣಿವಿಹಾರ ಬಂದ ಮೇಲೆ ಅದು ಉದ್ಯಾನವಾಗುತ್ತದೆ, ಕೆರೆಯಾಗಿ ಉಳಿಯುವುದಿಲ್ಲ.

ಎರಡನೆಯದು ಹೆಚ್ಚು ಅಪಾಯಕರ. ಅದು ಬೇಲಿ. ಅತಿಕ್ರಮಣ ತಡೆಯಲು ಬೇಲಿ ಬೇಕು, ನಿಜ. ಆದರೆ ಬೇಲಿಯ ಬಾಗಿಲು ಯಾರಿಗೆ ತೆರೆಯುತ್ತದೆ? ಬೆಳಗಿನ ವಾಯುವಿಹಾರಕ್ಕೆ ಬರುವವರಿಗೆ ತೆರೆದು, ಎಮ್ಮೆಗೆ ಹುಲ್ಲು ಕೊಯ್ಯಲು ಕುಡುಗೋಲು ಹಿಡಿದು ಬರುವ ಅಜ್ಜಿಗೆ ಮುಚ್ಚುತ್ತದೆಯೇ? ಬಟ್ಟೆ ಒಗೆದು ಬದುಕುತ್ತಿದ್ದವನಿಗೆ, ಬಲೆ ಬೀಸಿ ಬದುಕುತ್ತಿದ್ದವನಿಗೆ ಬೇರೆ ದಾರಿ ತೋರಿಸದೆ ಇನ್ನು ಬರಬೇಡ ಎಂದುಬಿಡುವುದು ಸುಲಭ. ಅವನ ಅಪ್ಪ, ಅಜ್ಜ ಆ ಕೆರೆಯನ್ನು ನಮಗಿಂತ ಮೊದಲೇ ಬಲ್ಲವರು. ಬಡವರನ್ನು ಹೊರಗಿಟ್ಟು ಉಳಿಸಿದ ಕೆರೆ, ತೋಮಸರ ಸೂತ್ರದ ಪ್ರಕಾರ, ಅರ್ಧ ಮಾತ್ರ ಉಳಿದಿದೆ. ಹೊಣೆ ಕೆಲವರದಾಯಿತು, ಬಳಕೆಯೂ ಕೆಲವರದೇ ಆಯಿತು. ನೀರುಗಂಟಿಯ ಜಾಗದಲ್ಲಿ ಯಜಮಾನ ಬಂದು ಕುಳಿತಂತಾಯಿತು.

ಕಾಯುವುದು ಎಂಬ ಒಂದೇ ಪದ

ಆದಿಕಾಂಡದ ಎರಡನೆಯ ಅಧ್ಯಾಯದಲ್ಲಿ ದೇವರು ಮನುಷ್ಯನನ್ನು ತೋಟದಲ್ಲಿರಿಸಿ ಅವನಿಗೆ ಎರಡು ಕೆಲಸ ಒಪ್ಪಿಸುತ್ತಾರೆ: ವ್ಯವಸಾಯ ಮಾಡುವುದು ಮತ್ತು ಕಾಯುವುದು. ಈ ಕಾಯುವುದು ಎಂಬುದಕ್ಕೆ ಹೀಬ್ರೂ ಮೂಲದಲ್ಲಿ 'ಶಾಮರ್' ಎಂಬ ಕ್ರಿಯಾಪದವಿದೆ. ಕಣ್ಣಿಟ್ಟು ನೋಡಿಕೊಳ್ಳುವುದು, ಕಾಪಾಡುವುದು ಎಂದು ಅದರ ಅರ್ಥ. ಎರಡೇ ಅಧ್ಯಾಯ ಮುಂದೆ ಹೋಗಿ. ಹೇಬೆಲನನ್ನು ಕೊಂದ ಕಾಯಿನನು, ತಮ್ಮನೆಲ್ಲಿ ಎಂದು ದೇವರು ಕೇಳಿದಾಗ, ತಾನೇನು ತಮ್ಮನ ಕಾವಲುಗಾರನೇ ಎಂದು ಮರುಪ್ರಶ್ನೆ ಹಾಕುತ್ತಾನೆ. ಅಲ್ಲಿಯ ಕಾವಲುಗಾರ ಎಂಬ ಪದವೂ ಇದೇ ಧಾತುವಿನದು.

ಇದನ್ನು ನಾವು ಗಮನವಿಟ್ಟು ಧ್ಯಾನಿಸಬೇಕು. ತೋಟವನ್ನು ಕಾಯುವುದೂ ಸೋದರನನ್ನು ಕಾಯುವುದೂ ಎರಡು ಬೇರೆ ಬೇರೆ ಧರ್ಮಗಳಲ್ಲ. ತೋಟದ ಕಾವಲನ್ನು ಬಿಟ್ಟವನು ಸೋದರನ ಕಾವಲನ್ನೂ ಬಿಡುತ್ತಾನೆ. ಸೋದರನನ್ನು ತಳ್ಳಿ ತೋಟವನ್ನು ಮಾತ್ರ ಕಾಯುತ್ತೇನೆ ಎನ್ನುವವನು ಕಾವಲಿನ ಅರ್ಥವನ್ನೇ ತಿಳಿದಿಲ್ಲ. ಜಗದ್ಗುರು ಎರಡನೆಯ ಜಾನ್ ಪೌಲರು 1990ರ ಜನವರಿ 1ರ ವಿಶ್ವಶಾಂತಿ ದಿನದ ಸಂದೇಶವನ್ನು ಸೃಷ್ಟಿಯೊಡನೆ ಇರಬೇಕಾದ ಶಾಂತಿಗೆ ಮೀಸಲಿಟ್ಟರು. ಜಗದ್ಗುರು ಫ್ರಾನ್ಸಿಸರು 2015ರ ತಮ್ಮ ವಿಶ್ವಪತ್ರ 'ಲೌದಾತೊ ಸಿ'ಯಲ್ಲಿ ಭೂಮಿಯ ಗೋಳನ್ನೂ ಬಡವರ ಗೋಳನ್ನೂ ಒಟ್ಟಿಗೆ ಕೇಳಿಸಿಕೊಳ್ಳಬೇಕೆಂದು ಬೋಧಿಸಿದರು. ಈ ಬೋಧನೆ ಕೆರೆಯ ಬೇಲಿಯ ಬಳಿ ನಿಜವಾಗಿ ಪರೀಕ್ಷೆಗೆ ಬರುತ್ತದೆ.

ಕೆರೆಗೆ ಜಾತಿಯಿಲ್ಲ, ಧರ್ಮವೂ ಇಲ್ಲ. ಏರಿಯ ಮೇಲೆ ಗ್ರಾಮದೇವತೆಯ ಗುಡಿ ಇರಬಹುದು, ಆಚೆ ದಡದಲ್ಲಿ ದರ್ಗಾ ಇರಬಹುದು, ಅಷ್ಟು ದೂರದಲ್ಲಿ ನಮ್ಮ ದೇವಾಲಯದ ಗೋಪುರ ಕಾಣಬಹುದು. ನೀರು ಎಲ್ಲರದು. ಬಣ್ಣ ಬಳಿದ ಗಣೇಶನ ಮೂರ್ತಿಗಳಿಂದ ನೀರು ಕೆಡುತ್ತದೆಂದು ಅನೇಕ ಕೆರೆಗಳಲ್ಲಿ ವಿಸರ್ಜನೆಗೆ ಪ್ರತ್ಯೇಕ ಕಲ್ಯಾಣಿ ಮಾಡಿದ್ದಾರೆ; ಭಕ್ತರೂ ಸಹಕರಿಸುತ್ತಿದ್ದಾರೆ. ನಮ್ಮ ವಾರ್ಷಿಕ ಹಬ್ಬದ ಊಟದ ನಂತರ ಪ್ಲಾಸ್ಟಿಕ್ ತಟ್ಟೆ, ಲೋಟಗಳು ಎಲ್ಲಿ ಹೋಗುತ್ತವೆ ಎಂದು ನಾವೂ ಕೇಳಿಕೊಳ್ಳಬೇಕು. ಮಳೆ ಬಂದಾಗ ಚರಂಡಿಯ ಕಸವೆಲ್ಲ ಹೋಗಿ ಸೇರುವುದು ಕೆರೆಗೇ.

ಮನೆಯಿಂದ ಕೆರೆಗೆ

ಈಗ ನೀವು ಕೇಳಬಹುದು: ನಾವೇನು ಮಾಡಬಲ್ಲೆವು? ದೊಡ್ಡ ಸಂಘ ಕಟ್ಟುವುದರಿಂದ ಆರಂಭಿಸಬೇಡಿ. ನಾಲ್ಕೈದು ಮನೆಯವರು ಸಾಕು. ಹೆಜ್ಜೆಗಳು ಹೀಗಿರಲಿ.

ಒಂದು: ಕೆರೆಯ ಹೆಸರು ತಿಳಿಯಿರಿ, ಅದರ ಸುತ್ತ ನಡೆಯಿರಿ. ಕಂದಾಯ ಇಲಾಖೆಯ ನಕ್ಷೆಯಲ್ಲಿ ಅದರ ಸರ್ವೆ ನಂಬರು, ಗಡಿ ಎಲ್ಲಿದೆ ನೋಡಿ. ನೀರು ಎಲ್ಲಿಂದ ಬರುತ್ತದೆ, ಕೋಡಿಯಿಂದ ಎಲ್ಲಿಗೆ ಹೋಗುತ್ತದೆ ಎಂದು ಮಕ್ಕಳೊಡನೆ ನಕ್ಷೆ ಬರೆಯಿರಿ. ಹಳ್ಳಿಯ ಹಿರಿಯರನ್ನು ಕೇಳಿ. ಮುಚ್ಚಿಹೋದ ಕಾಲುವೆ ಅವರಿಗೆ ಗೊತ್ತಿರುತ್ತದೆ.

ಎರಡು: ವಾರಕ್ಕೊಮ್ಮೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ನೀರಿನ ಮಟ್ಟ, ಬಣ್ಣ, ವಾಸನೆ, ಹೊಸದಾಗಿ ಬಿದ್ದ ಮಣ್ಣಿನ ರಾಶಿ, ಕಂಡ ಹಕ್ಕಿಗಳು. ಗುಳುಮುಳುಕ, ನೀರುಕಾಗೆ, ಮಿಂಚುಳ್ಳಿ, ಹೆಜ್ಜಾರ್ಲೆ ಎಂದು ಹೆಸರು ಹಿಡಿದು ಗುರುತಿಸಲು ಮಕ್ಕಳು ನಮಗಿಂತ ಬೇಗ ಕಲಿಯುತ್ತಾರೆ. ಪ್ರತಿ ಜನವರಿಯಲ್ಲಿ ನಡೆಯುವ ಏಷ್ಯಾದ ನೀರುಹಕ್ಕಿಗಳ ಗಣತಿ 1987ರಲ್ಲಿ ಆರಂಭವಾದದ್ದು. ಅದು ಬಹುಮಟ್ಟಿಗೆ ಸ್ವಯಂಸೇವಕರಿಂದಲೇ ನಡೆಯುತ್ತದೆ. ಬರೆದಿಟ್ಟ ದಾಖಲೆಗೆ ಕಚೇರಿಯಲ್ಲಿ ಬೆಲೆಯಿದೆ. ಬಾಯಿಮಾತಿನ ದೂರಿಗೆ ಅಷ್ಟು ಬೆಲೆಯಿಲ್ಲ.

ಮೂರು: ಅಧಿಕಾರಿಗಳನ್ನು ಶತ್ರುಗಳೆಂದು ಕಾಣಬೇಡಿ. ಕೆರೆಯ ಹೊಣೆ ಕಾನೂನಿನ ಪ್ರಕಾರ ಸರ್ಕಾರದ್ದೇ. ನಮ್ಮ ಕೆಲಸ ಅದರ ಬದಲಿಗೆ ನಿಲ್ಲುವುದಲ್ಲ, ಅದು ನಡೆಯುವಂತೆ ನೋಡಿಕೊಳ್ಳುವುದು. ಲಿಖಿತವಾಗಿ ಕೇಳಿ, ಮತ್ತೆ ಕೇಳಿ, ಒಳ್ಳೆಯ ಕೆಲಸವಾದಾಗ ಕೃತಜ್ಞತೆಯ ಪತ್ರವನ್ನೂ ಬರೆಯಿರಿ. ನಮ್ಮ ರಾಜ್ಯದಲ್ಲಿ ಕೆರೆಗಳ ಸಂರಕ್ಷಣೆಗೆಂದೇ 2014ರ ಕಾಯ್ದೆ ಇದೆ. ಸಂವಿಧಾನದ 51ಎ ಅನುಚ್ಛೇದ, 1976ರ ತಿದ್ದುಪಡಿಯಿಂದ ಸೇರಿದ್ದು, ಅರಣ್ಯ, ಕೆರೆ, ನದಿಗಳನ್ನು ಕಾಪಾಡುವುದನ್ನು ಪ್ರತಿಯೊಬ್ಬ ನಾಗರಿಕನ ಮೂಲಭೂತ ಕರ್ತವ್ಯವೆಂದು ಹೇಳುತ್ತದೆ. ಕೆರೆಯ ಹೆಸರನ್ನೇ ಸಂವಿಧಾನ ಎತ್ತಿ ಹೇಳಿದೆ ಎಂಬುದು ನೆನಪಿರಲಿ.

ನಾಲ್ಕು: ಒಳ್ಳೆಯ ಉದ್ದೇಶದಿಂದ ಕೆಡುಕು ಮಾಡಬೇಡಿ. ಮೀನಿಗೆ, ಬಾತುಗಳಿಗೆ ಬ್ರೆಡ್ಡು ಎಸೆಯಬೇಡಿ. ತಿನ್ನದೆ ಉಳಿದದ್ದು ಕೊಳೆತು ನೀರನ್ನು ಕೆಡಿಸುತ್ತದೆ. ಮನೆಯ ತೊಟ್ಟಿಯಲ್ಲಿ ಸಾಕಿದ ಪರದೇಶದ ಮೀನು, ಆಮೆಗಳನ್ನು ಕೆರೆಗೆ ಬಿಡಬೇಡಿ. ಎಲ್ಲ ಜೊಂಡನ್ನೂ ಒಮ್ಮೆಲೇ ಕಿತ್ತುಹಾಕಬೇಡಿ, ಅದರಲ್ಲಿ ಗೂಡುಗಳಿರುತ್ತವೆ.

ಐದು: ನಿಮ್ಮ ಗುಂಪಿನಲ್ಲಿ ಬಡವರು ಇದ್ದಾರೆಯೇ ನೋಡಿ. ಹುಲ್ಲು ಕೊಯ್ಯುವವರು, ಮೀನುಗಾರರು, ಕೆರೆಯಂಚಿನ ಗುಡಿಸಲಿನವರು ಸಭೆಗೆ ಬರದಿದ್ದರೆ ಸಭೆಯನ್ನೇ ಅವರಲ್ಲಿಗೆ ಒಯ್ಯಿರಿ. ಹಗಲೂ ರಾತ್ರಿ ಕೆರೆಯ ಬಳಿ ಇರುವವರು ಅವರೇ. ಅವರು ಜೊತೆಗಿದ್ದರೆ ಮಧ್ಯರಾತ್ರಿ ಕಸ ಸುರಿಯಲು ಬರುವ ಲಾರಿಯ ಸುದ್ದಿ ನಿಮಗೆ ಮೊದಲೇ ತಿಳಿಯುತ್ತದೆ.

ಆರು: ಮನೆಯಲ್ಲಿ ಆರಂಭಿಸಿ. ಸೋಪಿನಪುಡಿ ಅಳತೆಯಲ್ಲಿ ಬಳಸಿ. ಎಣ್ಣೆ, ಉಳಿದ ಔಷಧಿ, ಬಣ್ಣಗಳನ್ನು ಚರಂಡಿಗೆ ಸುರಿಯಬೇಡಿ. ಚಾವಣಿಯ ಮಳೆನೀರನ್ನು ಹಿಡಿದಿಡಿ. ಮನೆಯಿಂದ ಕೆರೆಯವರೆಗಿನ ಚರಂಡಿಯನ್ನು ಕೆರೆಯ ಭಾಗವೆಂದೇ ತಿಳಿಯಿರಿ.

ಪ್ರಿಯ ಓದುಗರೇ, ಇಷ್ಟೆಲ್ಲ ಮಾಡಿದರೂ ಫಲ ಬೇಗ ಕಾಣಿಸದು. ಹೂಳು ತುಂಬಲು ದಶಕಗಳು ಹಿಡಿದ ಕೆರೆ ಒಂದು ಮಳೆಗಾಲದಲ್ಲಿ ಸರಿಹೋಗುವುದಿಲ್ಲ. ಒಂದು ವರ್ಷ ಹಕ್ಕಿ ಬರುತ್ತದೆ, ಮರುವರ್ಷ ಕೊಳಚೆ ಬರುತ್ತದೆ. ಜೊತೆಗಿದ್ದವರು ಊರು ಬಿಡುತ್ತಾರೆ, ಕೆಲವರು ಬೇಸತ್ತು ಬಿಡುತ್ತಾರೆ. ನೀರುಗಂಟಿಗೂ ಹಾಗೆಯೇ ಇದ್ದಿರಬೇಕು. ಕೆರೆ ತುಂಬಿದ ವರ್ಷವೂ ಅವನು ಏರಿಯ ಮೇಲೆ ನಡೆದ, ಬತ್ತಿದ ವರ್ಷವೂ ನಡೆದ. ಮಳೆ ತರಿಸುವುದು ಅವನ ಕೈಯಲ್ಲಿರಲಿಲ್ಲ. ಬಂದ ಮಳೆ ಪೋಲಾಗದಂತೆ ತೂಬು ಕೋಡಿಗಳನ್ನು ಸರಿಯಾಗಿಡುವುದು ಅವನ ಕೈಯಲ್ಲಿತ್ತು. ನಮ್ಮಿಂದ ಕೇಳಲಾಗುವುದೂ ಅಷ್ಟೇ.

ಕುಟುಂಬದಲ್ಲಿ ಚರ್ಚಿಸಲು

1. ನಮ್ಮ ಮನೆಯ ಬಚ್ಚಲಿನ ನೀರು ಕೊನೆಗೆ ಯಾವ ಕೆರೆಗೆ ಅಥವಾ ಹೊಳೆಗೆ ಸೇರುತ್ತದೆ? ನಮಗೆ ಗೊತ್ತಿಲ್ಲದಿದ್ದರೆ ಯಾರನ್ನು ಕೇಳಬಹುದು?

2. ನಮ್ಮ ಬೀದಿಯಲ್ಲಿ ಎಲ್ಲರದೂ ಆಗಿ, ಯಾರೂ ನೋಡಿಕೊಳ್ಳದ ವಸ್ತು ಯಾವುದು? ಅದರ ಹೊ­ಣೆಯನ್ನು ನಮ್ಮ ಮನೆ ಹೊತ್ತರೆ ಏನು ಬದಲಾಗುತ್ತದೆ?

3. ಹತ್ತಿರದ ಕೆರೆಯಿಂದ ಜೀವನ ಸಾಗಿಸುತ್ತಿದ್ದವರು ಯಾರು? ಅವರು ಈಗ ಎಲ್ಲಿದ್ದಾರೆ?

4. ಅಜ್ಜ, ಅಜ್ಜಿಯರು ಇದ್ದರೆ ಅವರ ಊರಿನ ಕೆರೆಯ ವಿಷಯ ಕೇಳಿ, ಮಕ್ಕಳಿಂದ ಬರೆಸಿಡಿ. ಆ ಊರಿನ ನೀರುಗಂಟಿಯ ಹೆಸರು ಅವರಿಗೆ ನೆನಪಿದೆಯೇ?